ಅಕ್ಷರವಿದ್ಯೆಯೂ ಗಣಕಯಂತ್ರವೂ

ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವನಿಗೆ ಗಣಕಯಂತ್ರದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಆ ಯಂತ್ರವು ಈಗ ನಮ್ಮ ಅಕ್ಷರಗಳ ಭಾಂಡಾರವಾಗಿರುವದರಿಂದ, ಅದನ್ನು ವಿಚಾರಿಸುವದು ವ್ಯಾಕರಣದ ಕೆಲಸವೇ ಆಗಿದೆ.

ಬರಹದ ಸಾಧನವು ಬದಲಾದಂತೆ ವಿಚಾರದ ರೀತಿಯೂ ಬದಲಾಗುವದು. ಓಲೆಗರಿಯ ಕಾಲದಲ್ಲಿ ಪ್ರತಿಗಳು ವಿರಳ; ಆದಕಾರಣ ಕಂಠಪಾಠವೇ ಪ್ರಧಾನವಾಗಿದ್ದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಲು, ದೂರದ ಸುದ್ದಿಯು ಅಚ್ಚಿನ ರೂಪದಲ್ಲಿ ಕನ್ನಡಿಗರ ಕೈಗೆ ಬಂದಿತು. 1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ವು ಪ್ರಕಟವಾಗಲು, ಗಂಟುಗಳಲ್ಲಿ ಅಡಗಿದ್ದ ವಚನಗಳು ನಾಡವರ ಚರ್ಚೆಗೆ ದೊರೆತವು.

ಗಣಕಯಂತ್ರವು ಬಂದ ಮೊದಲಲ್ಲಿ, ಒಂದೊಂದು ತಂತ್ರಾಂಶವೂ ಅಕ್ಷರಗಳ ಆಕಾರಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಡುತ್ತಿದ್ದಿತು. ಒಂದರಲ್ಲಿ ಬರೆದುದು ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿದ್ದಿತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತಪದ್ಧತಿಯು ಹಲವು ಲಿಪಿಗಳನ್ನು ಒಂದೇ ಕಟ್ಟಿಗೆ ತಂದು, ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. ಇದರಲ್ಲಿ ವೈಯಾಕರಣರು ಮೆಚ್ಚತಕ್ಕ ಒಂದು ಮರ್ಮವುಂಟು. 'ಧರ್ಮ' ಎಂದು ಬರೆವಾಗ ನಾವು ಮಕಾರವನ್ನು ಬರೆದ ಮೇಲೆ ಅರ್ಕಾವೊತ್ತನ್ನು ಹಾಕುವೆವು; ನುಡಿವಾಗಲಾದರೋ ರೇಫವೇ ಮೊದಲು. ಯಂತ್ರವು ಕಾಣುವ ಆಕಾರದ ಕ್ರಮವನ್ನು ಬಿಟ್ಟು, ನುಡಿಯುವ ಕ್ರಮವನ್ನೇ ತನ್ನಲ್ಲಿ ಇಟ್ಟುಕೊಳ್ಳುವದು. ಕೆ. ಪಿ. ರಾಯರು ರಚಿಸಿದ ಕೀಲಿಮಣೆಯೂ ವರ್ಣಗಳ ಈ ಕ್ರಮವನ್ನೇ ಅನುಸರಿಸಿದೆ.

ಇದರ ಫಲವು ಅಲ್ಪವಲ್ಲ. ಈ ಶತಮಾನದಲ್ಲಿ ಕಟ್ಟಲಾದ 'ವಚನ ಸಂಚಯ'ವು, ಒಂದು ಶಬ್ದವು ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ಕ್ಷಣದಲ್ಲಿ ತೋರಿಸುವಂತೆ ರಚಿತವಾಯಿತು. ಹಿಂದಿನ ಪಂಡಿತರು ಇಂಥ ಪದಪ್ರಯೋಗಗಳ ಪಟ್ಟಿಗಾಗಿ ವರ್ಷಗಳನ್ನೇ ಸವೆಸಬೇಕಾಗುತ್ತಿದ್ದಿತು.

ಆದರೂ ಮೂರು ಎಚ್ಚರಿಕೆಗಳು ಅವಶ್ಯ. ಹುಡುಕಿದ ಶಬ್ದವು ಸಿಕ್ಕಿತೆಂದು ವಚನವು ಅರ್ಥವಾಯಿತೆಂದು ತಿಳಿಯಬಾರದು. ಹಿಂದುಮುಂದಿನ ಸಂದರ್ಭವು ಓದಿದವನಿಗೆ ಮಾತ್ರ ದಕ್ಕುವದು. ಎರಡನೆಯದು, ಲಿಪಿಕಾರನ ತಪ್ಪು ಆ ಓಲೆಯ ಪ್ರತಿಗಳಲ್ಲಿಯೇ ನಿಲ್ಲುತ್ತಿದ್ದಿತು. ಈಗ ಕೈತಪ್ಪಿದ ಒಂದು ಒತ್ತು ಅಂದೇ ದೇಶಾಂತರಗಳಿಗೆ ಹೋಗುವದು. ಮೂರನೆಯದೇ ಬಲು ಗಂಭೀರವಾದುದು. ಯಂತ್ರದಲ್ಲಿ ದೊರೆಯದ ಗ್ರಂಥವು ಇಲ್ಲವೇ ಇಲ್ಲವೆಂದು ತರುಣರು ನಂಬತೊಡಗಿದ್ದಾರೆ. ಓಲೆಯ ಛಾಯಾಚಿತ್ರವನ್ನು ತೆಗೆದಿಟ್ಟರೆ ಸಾಲದು. ಅದನ್ನು ಓದಿ ಅಕ್ಷರಕ್ಕಿಳಿಸಿದ ಹೊರತು ಅದರೊಳಗಿನ ಮಾತು ಹುಡುಕುವವನಿಗೆ ಕಾಣಿಸದು. ಹಳೆಯ ಬರಹವನ್ನು ಓದಬಲ್ಲವರಾದರೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ತೀರಿದ ಬಳಿಕ ಎಂಥ ಯಂತ್ರವಿದ್ದರೂ ಓದಿದುದು ಸರಿಯೋ ತಪ್ಪೋ ಎಂದು ಹೇಳುವವರು ಯಾರು?

ಆದುದರಿಂದ ಭಕ್ತರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮನೆಯ ಅಟ್ಟದಲ್ಲಿರುವ ಓಲೆಕಟ್ಟುಗಳನ್ನು ಹಳತೆಂದು ಹೊಳೆಗೆ ಬಿಡಬೇಡಿರಿ, ಬಲ್ಲವರಿಗೆ ತೋರಿಸಿರಿ. ಓಲೆಯನ್ನೋದುವ ಹಿರಿಯರೂ ಕೀಲಿಮಣೆಯನ್ನರಿತ ಕಿರಿಯರೂ ಒಂದೇ ಚಾಪೆಯ ಮೇಲೆ ಕೂಡಲಿ. ಒಬ್ಬರು ಓದಲಿ, ಒಬ್ಬರು ಬರೆಯಲಿ, ಬಳಿಕ ಇಬ್ಬರೂ ಸೇರಿ ತಿದ್ದಲಿ. ಯಾವ ಊರಿನ ಯಾವ ಕಟ್ಟಿನ ಪ್ರತಿಯೆಂಬುದನ್ನೂ ಪಾಠಾಂತರಗಳನ್ನೂ ತಪ್ಪದೆ ಗುರುತಿಸಲಿ. ಹೀಗಾದರೆ ಗುರುಶಿಷ್ಯ ಪರಂಪರೆಯು ಈ ಹೊಸ ಸಾಧನದಲ್ಲಿಯೂ ಕಡಿಯದೆ ಮುಂದುವರಿಯುವದು.