ವಯಸ್ಕರ ವಿಶ್ವವಿದ್ಯಾನಿಲಯ ವ್ಯಾಸಂಗ



ಕುಂದಾಪುರ ತಾಲ್ಲೂಕಿನ ಗುಲ್ವಾಡಿಯು ಸಣ್ಣ ಗ್ರಾಮವಾದರೂ ಕನ್ನಡಿಗರ ಕಿವಿಗೆ ಹೊಸದಲ್ಲ. ಆ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಎಂಬ ಕಾದಂಬರಿಯನ್ನು ಪ್ರಕಟಿಸಿ, ಬಾಲವಿಧವೆಯೊಬ್ಬಳು ವಿದ್ಯಾವತಿಯಾಗಿ ಪುನರ್ವಿವಾಹವನ್ನು ಮಾಡಿಕೊಂಡ ಕಥೆಯನ್ನು ಹೇಳಿದರು. ಹೆಣ್ಣು ಓದಿದರೆ ಮನೆ ಕೆಡುವುದೆಂಬ ಅಂಜಿಕೆಯು ಆಗ ಪ್ರಬಲವಾಗಿತ್ತು. ಆ ಅಂಜಿಕೆಯು ಇಂದು ಬಹುಮಟ್ಟಿಗೆ ಅಳಿದಿದೆ. ಆದರೆ ಅದರ ಸ್ಥಾನದಲ್ಲಿ ಮತ್ತೊಂದು ಬಂದು ನಿಂತಿದೆ. ಮೂವತ್ತೈದು ನಲವತ್ತು ವರ್ಷ ದಾಟಿದ ಮೇಲೆ ಪದವಿಗಾಗಿ ಓದತೊಡಗಿದವರು, ಸ್ತ್ರೀಯರಾಗಲಿ ಪುರುಷರಾಗಲಿ, ‘ಈ ವಯಸ್ಸಿನಲ್ಲಿ ಕಾಲೇಜೇ?’ ಎಂಬ ನೆರೆಹೊರೆಯವರ ನಗೆಗೆ ಹೆದರುವರು.

ಇಂಥವರಿಗೆ ಬಾಗಿಲು ತೆರೆದು ಬಹುಕಾಲವಾಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯು ರಾಜಸನ್ನದನ್ನು ಪಡೆದ 1969ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯನ್ನು ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು 1985ರಲ್ಲಿಯೇ ಸ್ಥಾಪಿತವಾಗಿತ್ತು. ಮೈಸೂರಿನ ಸಂಸ್ಥೆಯ ಶಿಕ್ಷಣಕ್ರಮಗಳಿಗೆ 2013-14ನೆಯ ಸಾಲಿನಿಂದ ಯು.ಜಿ.ಸಿ.ಯ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಪುನಃ ದೊರೆಯಿತು. ನಡುವಿನ ವರ್ಷಗಳಲ್ಲಿ ಓದಿದವರ ಸಂಕಟವನ್ನು ನೆನೆದಾದರೂ, ಶುಲ್ಕವನ್ನು ಕಟ್ಟುವ ಮೊದಲು ಆಯಾ ಶಿಕ್ಷಣಕ್ರಮಕ್ಕೆ ಮಾನ್ಯತೆಯುಂಟೇ ಎಂದು ವಿಚಾರಿಸತಕ್ಕದ್ದು.

ಬಾಗಿಲನ್ನು ದಾಟುವುದು ಸುಲಭ. ಒಳಗೆ ನಿಲ್ಲುವುದೇ ಕಷ್ಟ. ಬುದ್ಧಿಯ ಕೊರತೆಯೇ ಇದಕ್ಕೆ ಕಾರಣವೆಂದು ಕಲಿಯುವವರು ತಾವೇ ಭಾವಿಸಿಕೊಳ್ಳುವರು. ಅದು ತಪ್ಪು. ಕೊರತೆಯಿರುವುದು ಹೊತ್ತಿನದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಒಂದು ಕ್ರೆಡಿಟ್ಟೆಂದರೆ 30 ಗಂಟೆಗಳ ವ್ಯಾಸಂಗ. ಆರು ಕ್ರೆಡಿಟ್ಟುಗಳ ಒಂದು ವಿಷಯಕ್ಕೆ 180 ಗಂಟೆಗಳಾದುವು. ಮನೆಗೆಲಸವೆಲ್ಲ ಮುಗಿದ ಮೇಲೆ ರಾತ್ರಿ ಎರಡು ಗಂಟೆ ಓದುವ ಗೃಹಿಣಿಗೆ ಅಂಥ ಒಂದೇ ವಿಷಯಕ್ಕೆ 90 ರಾತ್ರಿಗಳು ಬೇಕು. ನಾಲ್ಕು ವಿಷಯಗಳಿಗೆ 360. ಹಬ್ಬವಿಲ್ಲ, ಜಾತ್ರೆಯಿಲ್ಲ, ಮಗುವಿಗೆ ಜ್ವರವೂ ಬರಕೂಡದು! ಈ ಲೆಕ್ಕವನ್ನು ಮನೆಯವರು ಮೊದಲ ದಿನವೇ ಒಟ್ಟಿಗೆ ಕುಳಿತು ಮಾಡಿದ್ದಾದರೆ ಮುಂದಿನ ಕಲಹವು ಅರ್ಧ ತಪ್ಪುವುದು.

ಎರಡನೆಯ ಕಷ್ಟವು ಬರೆವಣಿಗೆಯದು. ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ವಿದ್ಯೆಯೆಂದು ಶಾಲೆಯಲ್ಲಿ ಕಲಿತವರಿಗೆ, ಎರಡು ಅಭಿಪ್ರಾಯಗಳನ್ನು ತೂಗಿ ತಮ್ಮ ಮಾತಿನಲ್ಲಿಯೇ ಉತ್ತರವನ್ನು ಬರೆಯಬೇಕೆಂಬುದು ಹೊಸತು. ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ, ಕಾರ್ಖಾನೆ ಮುಚ್ಚಿದರೆ ಕೂಲಿಯವನ ಮನೆ ಏನಾಗುವುದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಥಶಾಸ್ತ್ರದ ಪುಸ್ತಕವು ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಅವನಿಗೆ ಆ ಮಾತು ಬಾರದು. ತನಗೆ ತಿಳಿದಿದ್ದರೂ ತಿಳಿಯದವನಂತೆ ಅವನು ಮೌನವಾಗಿ ಕುಳಿತಿರುವನು. ತನ್ನ ಅನುಭವವನ್ನು ಕಾರಣ, ಪ್ರಮಾಣ, ಆಕ್ಷೇಪ ಎಂಬ ಕ್ರಮದಲ್ಲಿ ಜೋಡಿಸುವುದನ್ನು ಕಲಿತ ದಿನ ಅವನ ಭಯವು ಬಿಡುವುದು. ಇದು ಒಂದು ವಾರದ ಕೆಲಸವಲ್ಲ.

ಮೊದಲನೆಯ ಅಸೈನ್‌ಮೆಂಟು ಕೆಂಪು ಶಾಯಿಯ ಗುರುತುಗಳೊಡನೆ ಹಿಂದಿರುಗುವ ದಿನವಂತೂ ಬಲು ಕಠಿನವಾದುದು. ಮನೆಯಲ್ಲಿ ಹಿರಿಯರಾಗಿ ನಾಲ್ಕು ಜನರಿಗೆ ಬುದ್ಧಿ ಹೇಳಿದವರು, ತಮ್ಮ ಮಗನ ವಯಸ್ಸಿನ ಉಪಾಧ್ಯಾಯರಿಂದ ಕಡಿಮೆ ಅಂಕವನ್ನು ಪಡೆದಾಗ ಮುಖ ತೋರಿಸಲು ನಾಚುವರು. ಓದನ್ನು ಬಿಟ್ಟುಬಿಡುವ ಆಲೋಚನೆ ಬರುವುದು ಆಗಲೇ. ಉಪಾಧ್ಯಾಯರು ಆ ಕಾಗದದ ಮೇಲೆ ಅಂಕವನ್ನು ಮಾತ್ರ ಬರೆಯದೆ, ಹೇಗೆ ತಿದ್ದಬೇಕೆಂಬ ಎರಡು ಸಾಲನ್ನೂ ಬರೆದರೆ ಎಷ್ಟೋ ಮಂದಿ ಉಳಿದುಕೊಳ್ಳುವರು.

ಸಿದ್ಧಗಂಗೆ ಮೊದಲಾದ ಮಠಗಳು ಬಡ ವಿದ್ಯಾರ್ಥಿಗಳಿಗೆ ಅನ್ನವನ್ನೂ ವಸತಿಯನ್ನೂ ಕೊಟ್ಟು ಓದಿಸಿದುದನ್ನು ಈ ಸಭೆಯವರು ಬಲ್ಲರು. ವಯಸ್ಕ ವಿದ್ಯಾರ್ಥಿಗೆ ಬೇಕಾದುದು ಅನ್ನವಲ್ಲ. ದೀಪವಿರುವ ಒಂದು ಕೋಣೆ, ಕರೆದು ಎಬ್ಬಿಸದ ಎರಡು ಗಂಟೆ, ಸಂಪರ್ಕ ತರಗತಿಯ ದಿನ ಅಡಿಗೆಯನ್ನು ನೋಡಿಕೊಳ್ಳುವ ಒಬ್ಬ ಅತ್ತೆ ಅಥವಾ ಗಂಡ, ಇಷ್ಟೇ. ಮಠದ ಗ್ರಂಥಾಲಯವನ್ನು ರಾತ್ರಿಯಲ್ಲಿಯೂ ತೆರೆದಿಟ್ಟರೆ ಕೋಣೆಯಿಲ್ಲದ ಮನೆಯವರಿಗೆ ಅದೂ ಒದಗುವುದು. ಒಂದೇ ಊರಿನ ಇಬ್ಬರು ಓದುವವರಿದ್ದರೆ ಅವರನ್ನು ಪರಸ್ಪರ ಪರಿಚಯ ಮಾಡಿಸಬೇಕು: ಒಂದೇ ಬಸ್ಸಿನಲ್ಲಿ ತರಗತಿಗೆ ಹೋಗಿಬರುವಾಗ, ಉಪಾಧ್ಯಾಯರನ್ನು ಕೇಳಲು ನಾಚಿದ ಪ್ರಶ್ನೆಯನ್ನು ಅವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವರು.