ನವರಂಗ ಬಂದಿಳಿಯುವ ಹೊತ್ತು



ಮಳೆ ಹಿಂದೆಗೆದು ಇಬ್ಬನಿ ಬೀಳತೊಡಗುವ ಈ ಕಾಲದಲ್ಲಿ ನಮ್ಮ ಮಲೆನಾಡಿಗೆ ದೂರದ ಅತಿಥಿಗಳು ಬರುತ್ತಾರೆ. ಬೂದು ಸಿಪಿಲೆಯು ಸೆಪ್ಟೆಂಬರಿನಲ್ಲಿಯೇ ಹಳ್ಳದ ಬಂಡೆಗಳ ಮೇಲೆ ಬಾಲ ಕುಣಿಸುತ್ತ ಕಾಣಿಸಿಕೊಳ್ಳುತ್ತದೆ. ಅದರ ಹಿಂದೆಯೇ, ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮರಿಮಾಡಿದ ನವರಂಗವು ಬರುತ್ತದೆ. ಇರುಳಿನಲ್ಲಿ ಹಾರಿ ಬರುವ ಈ ಹಕ್ಕಿಯು ಬಳಲಿ ಅಂಗಳದಲ್ಲಿ ಬಿದ್ದಿರುವುದೂ ಉಂಟು. ಅಂತಹುದನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿರಿಸಿ, ಚೇತರಿಸಿಕೊಂಡ ಮೇಲೆ ಮರಗಳ ನಡುವೆ ಬಿಡಬೇಕು.

ನವರಂಗವು ಆಹಾರವನ್ನು ಅರಸುವುದು ನೆಲದಲ್ಲಿ. ತರಗೆಲೆಗಳನ್ನು ಕೆದಕಿ ಹುಳುಹುಪ್ಪಟೆಗಳನ್ನು ತಿನ್ನುತ್ತದೆ. ನಾವಾದರೋ ಕೊಟ್ಟಿಗೆಗೆಂದು ಬೆಟ್ಟದ ದರಕನ್ನೆಲ್ಲ ಗುಡಿಸಿ ತರುತ್ತೇವೆ. ಗೊಬ್ಬರವಿಲ್ಲದೆ ತೋಟವಿಲ್ಲವೆಂಬುದನ್ನು ನಾನೂ ಬಲ್ಲೆ. ಆದರೆ ಬೆಟ್ಟದ ಒಂದು ಮೂಲೆಯನ್ನಾದರೂ, ಹಳ್ಳದ ಅಂಚನ್ನಾದರೂ ಗುಡಿಸದೆ ಉಳಿಸಲಾರೆವೇ? ಅಲ್ಲಿ ಉಳಿದ ಎಲೆಯು ಹಕ್ಕಿಗೆ ಅನ್ನ, ಮಣ್ಣಿಗೆ ತೇವ.

ವಲಸೆ ಹಕ್ಕಿಯನ್ನು ಮೊದಲು ಕಂಡ ದಿನವನ್ನು ಬರೆದು ಕಳುಹಿಸುವಂತೆ 2007ರಲ್ಲಿ ಆರಂಭವಾದ ‘ಮೈಗ್ರೆಂಟ್‌ವಾಚ್’ ದೇಶದ ಜನರನ್ನು ಕೋರಿತ್ತು. ವಿದ್ಯಾರ್ಥಿಗಳೇ, ಮುಂಜಾನೆ ಅಥವಾ ಮುಸ್ಸಂಜೆಯಲ್ಲಿ ನವರಂಗದ ಎರಡು ಸ್ವರದ ಸಿಳ್ಳು ಕೇಳಿದ ಮೊದಲ ದಿನವನ್ನು ನೀವೂ ಬರೆದಿಡಿ. ಮರುವರ್ಷ ಅದೇ ಬೆಟ್ಟದಲ್ಲಿ ಕಿವಿಗೊಡಿ. ಆ ಸಿಳ್ಳು ಕೇಳಿಸದೆ ಹೋದರೆ ಮೊದಲು ನೆಲವನ್ನು ನೋಡಿ.