ಮಂಜುಗಡ್ಡೆಯ ಗುರುತು ಹಿಡಿಯುವ ಕಂಪ್ಯೂಟರ್

ಮಳೆಗಾಲದ ರಾತ್ರಿ ವಿಕ್ರೋಳಿಯ ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸಿದವರು ಇದನ್ನು ಕಂಡಿರುತ್ತೀರಿ. ಹೆಡ್‌ಲೈಟಿನ ಬೆಳಕಿಗೆ ಒಣ ರಸ್ತೆ ಬೂದು ಬಣ್ಣದಲ್ಲಿ ಕಾಣುತ್ತದೆ. ನೀರು ನಿಂತ ಜಾಗ ಮಾತ್ರ ಕಪ್ಪು. ಒರಟು ಡಾಂಬರು ಸ್ವಲ್ಪ ಬೆಳಕನ್ನು ನಮ್ಮತ್ತ ಹಿಂತಿರುಗಿಸುತ್ತದೆ, ನುಣುಪಾದ ನೀರು ಮುಂದಕ್ಕೆ ಜಾರಿಸಿಬಿಡುತ್ತದೆ. ಉಪಗ್ರಹದ ರೇಡಾರ್ ಧ್ರುವಪ್ರದೇಶದ ಸಮುದ್ರವನ್ನು ನೋಡುವುದೂ ಹೀಗೆಯೇ.

ರೇಡಾರಿಗೆ ಸೂರ್ಯನ ಬೆಳಕು ಬೇಡ, ಮೋಡ ಅಡ್ಡಿಯಲ್ಲ. ತಾನೇ ತರಂಗಗಳನ್ನು ಕಳಿಸಿ, ಮರಳಿ ಬಂದದ್ದನ್ನು ಚಿತ್ರವಾಗಿಸುತ್ತದೆ. ಒರಟಾದ ಹಳೆಯ ಮಂಜುಗಡ್ಡೆ ಅದರಲ್ಲಿ ಬೆಳ್ಳಗೆ ಕಾಣುತ್ತದೆ, ಶಾಂತ ನೀರು ಕಪ್ಪಗೆ. ಆದರೆ ಗಾಳಿಗೆ ಎದ್ದ ಅಲೆಗಳೂ ಬೆಳ್ಳಗೇ ಕಾಣುತ್ತವೆ, ಹೊಸದಾಗಿ ಹೆಪ್ಪುಗಟ್ಟಿದ ತೆಳು ಮಂಜು ನೀರಿನಂತೆ ಕಪ್ಪಗಿರುತ್ತದೆ. ತೊಡಕು ಇರುವುದು ಇಲ್ಲೇ.

ಮೀನು ಮಾರ್ಕೆಟಿನಲ್ಲಿ ಅಮ್ಮ ಮಗುವಿಗೆ "ಇದು ಬಂಗುಡೆ, ಇದು ಬೂತಾಯಿ" ಎಂದು ತೋರಿಸಿಕೊಡುವಂತೆ, ತಜ್ಞರು ಸಾವಿರಾರು ಚಿತ್ರಭಾಗಗಳಿಗೆ "ಇದು ನೀರು, ಇದು ಹೊಸ ಮಂಜು, ಇದು ಹಳೆಯದು" ಎಂದು ಹೆಸರು ಹಚ್ಚುತ್ತಾರೆ. ಕಂಪ್ಯೂಟರ್ ಅದರಿಂದ ಕಲಿಯುತ್ತದೆ. ಬರೀ ಬಿಳಿ-ಕಪ್ಪನ್ನಲ್ಲ, ಅಕ್ಕಪಕ್ಕದ ಮಾದರಿ, ಬಿರುಕುಗಳ ಆಕಾರವನ್ನೂ ಗಮನಿಸುತ್ತದೆ. ಆಮೇಲೆ ಅದು ಎಂದೂ ನೋಡದ ಚಿತ್ರ ಕೊಟ್ಟು ಪರೀಕ್ಷೆ. ಚಳಿಗಾಲದ ಚಿತ್ರಗಳಲ್ಲಿ ಮಾತ್ರ ಕಲಿತದ್ದು ಬೇಸಿಗೆಯಲ್ಲಿ ಎಡವಬಹುದು, ಏಕೆಂದರೆ ಕರಗುವ ಮಂಜಿನ ಮೇಲೆ ನೀರಿನ ಪಸೆ ಇರುತ್ತದೆ.

ಇದರಿಂದ ನಮಗೇನು ಎನ್ನುತ್ತೀರಾ? ಅಂಟಾರ್ಕ್ಟಿಕದಲ್ಲಿ 2012ರಲ್ಲಿ ಆರಂಭವಾದ ನಮ್ಮ 'ಭಾರತಿ' ಕೇಂದ್ರಕ್ಕೆ ಸಾಮಗ್ರಿ ಒಯ್ಯುವ ಹಡಗು ಇದೇ ಮಂಜಿನ ನಡುವೆ ದಾರಿ ಹುಡುಕಬೇಕು. ಹಳೆಯ ಗಟ್ಟಿ ಮಂಜನ್ನು ನೀರೆಂದು ತಪ್ಪಾಗಿ ಓದಿದರೆ ಹಡಗಿನಲ್ಲಿರುವವರ ಜೀವಕ್ಕೇ ಸಂಚಕಾರ.

ನಮ್ಮೂರಿನ ನಂಟೂ ಇದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ-ನಾಸಾ ಜಂಟಿ ರೇಡಾರ್ ಉಪಗ್ರಹ 'ನಿಸಾರ್' ಗಮನಿಸುವ ವಿಷಯಗಳಲ್ಲಿ ಸಮುದ್ರದ ಮಂಜೂ ಒಂದು. ಅದನ್ನು ಹೊತ್ತೊಯ್ದದ್ದು ಜಿಎಸ್‌ಎಲ್‌ವಿ ರಾಕೆಟ್. ಆ ಬಗೆಯ ರಾಕೆಟ್ಟುಗಳಿಗೆ ಬೇಕಾದ 'ವಿಕಾಸ್' ಎಂಜಿನ್‌ಗಳನ್ನು ಇಸ್ರೊಗೆ ತಯಾರಿಸಿಕೊಡುವ ಗೋದ್ರೆಜ್ ಇರುವುದು ವಿಕ್ರೋಳಿಯಲ್ಲೇ.

ಕಂಪ್ಯೂಟರ್ ಎಷ್ಟೇ ಬೇಗ ಓದಲಿ, ಅದಕ್ಕೆ ಅಕ್ಷರ ಕಲಿಸಿದವರು ಮಂಜನ್ನು ಬಲ್ಲ ಮನುಷ್ಯರು. ಕಲಿಸಿದವರ ತಪ್ಪನ್ನೂ ಅದು ಶ್ರದ್ಧೆಯಿಂದಲೇ ಕಲಿಯುತ್ತದೆ. ಆದ್ದರಿಂದ ನಕ್ಷೆ ಕೈಗೆ ಬಂದ ಮೇಲೂ ಹಡಗಿನ ಕ್ಯಾಪ್ಟನ್ ಕಣ್ಣು ಮುಚ್ಚುವಂತಿಲ್ಲ. ಮಳೆಯ ರಾತ್ರಿ ಸ್ಕೂಟರ್ ಓಡಿಸುವ ನಾವೂ ಅಷ್ಟೇ.